ವಿದ್ಯುತ್ ಕಂಪನಿಯ ಎಂ.ಡಿ. ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಕರೆಂಟ್ ಹೋದರೆ ಬೈಸಿಕೊಳ್ಳುವವರು ಲೈನ್‌ಮನ್. ಬಿಲ್ ಜಾಸ್ತಿ ಬಂದರೆ ಮೀಟರ್ ರೀಡರ್. ಇವರಿಬ್ಬರಿಗಿಂತ ಎಷ್ಟೋ ಮೆಟ್ಟಿಲು ಮೇಲೆ ಕೂತಿರುವ ವ್ಯವಸ್ಥಾಪಕ ನಿರ್ದೇಶಕರು, ಅಂದರೆ ಎಂ.ಡಿ., ಇಡೀ ದಿನ ಏನು ಮಾಡುತ್ತಾರೆ ಅಂತ ಹೆಚ್ಚಿನವರಿಗೆ ಗೊತ್ತಿಲ್ಲ. ಎಂಜಿನಿಯರಿಂಗ್ ಓದುವ ಮಕ್ಕಳು, ಅವರ ಅಪ್ಪ ಅಮ್ಮ, ಬಿಲ್ ಕಟ್ಟುವ ಗ್ರಾಹಕರು, ಪಂಪ್‌ಸೆಟ್ ಇರುವ ರೈತರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ. ಹೆಚ್ಚಿನ ಮಾತು ಕರ್ನಾಟಕದ ಎಸ್ಕಾಂಗಳದ್ದು. ಕೇಂದ್ರ ಸರ್ಕಾರದ ಮತ್ತು ಖಾಸಗಿ ಕಂಪನಿಗಳ ವಿಷಯ ಬೇಕಾದಷ್ಟು ಮಾತ್ರ ಬರುತ್ತದೆ.

ಕೆಇಬಿ ಈಗ ಇಲ್ವಾ? ಈ ಎಸ್ಕಾಂ ಅಂದರೆ ಏನು?

ಕೆಇಬಿ ಈಗ ಜನರ ಬಾಯಲ್ಲಿ ಮಾತ್ರ ಇದೆ. 1957ರಲ್ಲಿ ಹುಟ್ಟಿದ ಆ ವಿದ್ಯುತ್ ಮಂಡಳಿ 1999ರ ಆಗಸ್ಟ್ 1ರಂದು ಕೆಪಿಟಿಸಿಎಲ್ ಎಂಬ ಕಂಪನಿಯಾಯಿತು. 2002ರ ಜೂನ್‌ನಲ್ಲಿ ಮನೆಮನೆಗೆ ಕರೆಂಟ್ ಹಂಚುವ ಕೆಲಸವನ್ನು ಅದರಿಂದ ಬೇರೆ ಮಾಡಿದರು. ಬೆಂಗಳೂರಿಗೆ ಬೆಸ್ಕಾಂ, ಮಂಗಳೂರಿಗೆ ಮೆಸ್ಕಾಂ, ಹುಬ್ಬಳ್ಳಿಗೆ ಹೆಸ್ಕಾಂ, ಕಲಬುರಗಿಗೆ ಜೆಸ್ಕಾಂ ಬಂದವು. ಮೈಸೂರಿನ ಸೆಸ್ಕ್ ಆಮೇಲೆ, 2005ರಲ್ಲಿ ಸೇರಿಕೊಂಡಿತು. ಈ ಐದೂ ಹಂಚುವ ಕಂಪನಿಗಳನ್ನೇ ಎಸ್ಕಾಂ ಅನ್ನುವುದು. ದೊಡ್ಡ ಟವರ್ ಲೈನ್‌ಗಳು, 66, 110, 220, 400 ಕೆ.ವಿ. ಸಬ್‌ಸ್ಟೇಷನ್‌ಗಳು ಕೆಪಿಟಿಸಿಎಲ್‌ನದು. ಶರಾವತಿ, ವಾರಾಹಿ, ರಾಯಚೂರು, ಬಳ್ಳಾರಿಯಲ್ಲಿ ವಿದ್ಯುತ್ ಉತ್ಪಾದಿಸುವುದು ಕೆಪಿಸಿಎಲ್. ಒಂದೊಂದಕ್ಕೂ ಬೇರೆ ಬೇರೆ ಎಂ.ಡಿ. ಇರುತ್ತಾರೆ. ಆದ್ದರಿಂದ "ವಿದ್ಯುತ್ ಕಂಪನಿಯ ಎಂ.ಡಿ." ಅಂದಾಗ ಯಾವ ಕಂಪನಿ ಅಂತ ಮೊದಲು ಕೇಳಬೇಕು. ಕೆಲಸದ ಸ್ವರೂಪವೇ ಬೇರೆ.

ಎಂ.ಡಿ. ಆಗುವವರು ಎಂಜಿನಿಯರಾ, ಐಎಎಸ್ ಅಧಿಕಾರಿಯಾ?

ಕರ್ನಾಟಕದ ಸರ್ಕಾರಿ ವಿದ್ಯುತ್ ಕಂಪನಿಗಳಲ್ಲಿ ಎಂ.ಡಿ.ಯನ್ನು ನೇಮಿಸುವುದು ರಾಜ್ಯ ಸರ್ಕಾರ. ಬೆಸ್ಕಾಂ, ಕೆಪಿಟಿಸಿಎಲ್, ಕೆಪಿಸಿಎಲ್‌ಗೆ ಸಾಮಾನ್ಯವಾಗಿ ಐಎಎಸ್ ಅಧಿಕಾರಿಗಳು ಬರುತ್ತಾರೆ. ತಾಂತ್ರಿಕ ನಿರ್ದೇಶಕರ ಕುರ್ಚಿಗೆ ಸಾಮಾನ್ಯವಾಗಿ ಇಲಾಖೆಯೊಳಗೆ ಬೆಳೆದ ಹಿರಿಯ ಎಂಜಿನಿಯರ್ ಬರುತ್ತಾರೆ. ಹಣಕಾಸಿಗೆ ಇನ್ನೊಬ್ಬ ನಿರ್ದೇಶಕರು ಇರುತ್ತಾರೆ.

ಎಂಜಿನಿಯರೇ ಎಂ.ಡಿ. ಆಗಬೇಕು ಎಂಬ ವಾದ ಹಳೆಯದು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕಳಿಸಿದಾಗ ಮುಂದೆ ನಿಂತವರು ಜಾಲಿ ಡಿ ಲಾಟ್ಬಿನಿಯರ್ ಎಂಬ ಎಂಜಿನಿಯರ್. ಆಗ ಕೊಳ್ಳುವವರು ಗಣಿ ಕಂಪನಿಗಳು ಮಾತ್ರ. ಎಷ್ಟು ಬೇಕು, ಎಷ್ಟು ದುಡ್ಡು ಅನ್ನುವುದು ಮೊದಲೇ ಗೊತ್ತಿತ್ತು. ಲೈನ್ ಎಳೆಯುವುದೇ ದೊಡ್ಡ ಸವಾಲು. ಇವತ್ತು ಲೈನ್ ಎಳೆಯಲು ಸಾವಿರಾರು ಎಂಜಿನಿಯರ್‌ಗಳಿದ್ದಾರೆ. ಎಂ.ಡಿ.ಗೆ ತಲೆನೋವು ಬರುವುದು ಖರೀದಿ, ವಸೂಲಿ, ಸಬ್ಸಿಡಿ ಮತ್ತು ಸುರಕ್ಷತೆಯಿಂದ. ಹಾಗಾಗಿ ಡಿಗ್ರಿಗಿಂತ ಎಷ್ಟು ವರ್ಷ ಅಲ್ಲಿ ಇರುತ್ತಾರೆ ಅನ್ನುವುದೇ ಮುಖ್ಯ ಅಂತ ನನ್ನ ಅನಿಸಿಕೆ. ಅದರ ಬಗ್ಗೆ ಕೆಳಗೆ ಮತ್ತೆ ಹೇಳುತ್ತೇನೆ.

ನನ್ನ ಮಗ ಎ.ಇ. ಆಗಿ ಸೇರಿದ್ದಾನೆ. ಎಲ್ಲಿಯವರೆಗೆ ಹೋಗಬಹುದು?

ಸಹಾಯಕ ಎಂಜಿನಿಯರ್ ಆಗಿ ಸೇರಿದವರಿಗೆ ದಾರಿ ಸ್ಪಷ್ಟ. ಎ.ಇ.ಗೆ ಶಾಖೆ ಅಥವಾ ಸಬ್‌ಸ್ಟೇಷನ್ ಸಿಗುತ್ತದೆ. ಎ.ಇ.ಇ. (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್) ಆದರೆ ಉಪವಿಭಾಗ, ಇ.ಇ. (ಕಾರ್ಯನಿರ್ವಾಹಕ ಎಂಜಿನಿಯರ್) ಆದರೆ ವಿಭಾಗ, ಎಸ್.ಇ.ಗೆ (ಅಧೀಕ್ಷಕ ಎಂಜಿನಿಯರ್) ವೃತ್ತ, ಮುಖ್ಯ ಎಂಜಿನಿಯರ್‌ಗೆ ವಲಯ. ಅಲ್ಲಿಂದ ತಾಂತ್ರಿಕ ನಿರ್ದೇಶಕರ ಹುದ್ದೆ ಕೈಗೆಟಕುವ ದೂರದಲ್ಲಿರುತ್ತದೆ. ಆದರೆ ಬಡ್ತಿ ನಿಧಾನ. ಹಲವರು ಇ.ಇ. ಅಥವಾ ಎಸ್.ಇ. ಆಗಿ ನಿವೃತ್ತರಾಗುತ್ತಾರೆ.

ಒಂದು ಮಾತು ಹೇಳಲೇಬೇಕು. ಮೊದಲ ನಾಲ್ಕೈದು ವರ್ಷ ಹಳ್ಳಿಯ ಶಾಖೆಯಲ್ಲಿ ಕೆಲಸ ಸಿಕ್ಕರೆ ಬೇಜಾರು ಮಾಡಿಕೊಳ್ಳಬೇಡಿ. ಟಿ.ಸಿ. (ಟ್ರಾನ್ಸ್‌ಫಾರ್ಮರ್) ಸುಟ್ಟಾಗ ರೈತರು ಬಂದು ಕಚೇರಿ ಮುಂದೆ ಕೂರುವುದು, ಮಳೆಗಾಲದ ರಾತ್ರಿ ಯಾವ ಕಂಬ ಬಿದ್ದಿದೆ ಅಂತ ಟಾರ್ಚ್ ಹಿಡಿದು ಹುಡುಕುವುದು, ಲೈನ್‌ಮನ್ ಏಕೆ ಹೆದರುತ್ತಾನೆ, ಏಕೆ ಹೆದರುವುದಿಲ್ಲ ಎಂಬುದು ಅಲ್ಲಿಯೇ ತಿಳಿಯುವುದು. ಮೇಲೆ ಹೋದಾಗ ಕೈ ಹಿಡಿಯುವ ಅನುಭವ ಅದೇ.

ಎನ್‌ಟಿಪಿಸಿ, ಪವರ್‌ಗ್ರಿಡ್‌ನಲ್ಲಿ ಹೇಗೆ?

ಇವು ಕೇಂದ್ರ ಸರ್ಕಾರದ ವಿದ್ಯುತ್ ಕಂಪನಿಗಳು, ಅಲ್ಲಿ ದಾರಿ ಬೇರೆ. ಗೇಟ್ ಪರೀಕ್ಷೆಯ ಅಂಕದ ಮೇಲೆ ಎಕ್ಸಿಕ್ಯುಟಿವ್ ಟ್ರೈನಿ ಆಗಿ ಸೇರಿ, ಇಪ್ಪತ್ತೈದು ಮೂವತ್ತು ವರ್ಷ ದುಡಿದು, ಅದೇ ಕಂಪನಿಯ ನಿರ್ದೇಶಕರಾದವರು ಇದ್ದಾರೆ. ಅಧ್ಯಕ್ಷರನ್ನೂ ನಿರ್ದೇಶಕರನ್ನೂ ಆರಿಸಲು ಸಾರ್ವಜನಿಕ ಉದ್ದಿಮೆಗಳ ಆಯ್ಕೆ ಮಂಡಳಿ ಇದೆ. ಅದು ಸಂದರ್ಶನ ಮಾಡಿ ಹೆಸರು ಸೂಚಿಸುತ್ತದೆ, ಕೇಂದ್ರ ಸರ್ಕಾರ ಒಪ್ಪಿಗೆ ಕೊಡುತ್ತದೆ. ನೇಮಕ ಸಾಮಾನ್ಯವಾಗಿ ಐದು ವರ್ಷಕ್ಕೆ ಅಥವಾ ನಿವೃತ್ತಿಯವರೆಗೆ. ಗುರುದೀಪ್ ಸಿಂಗ್ 2016ರ ಫೆಬ್ರವರಿಯಿಂದ ಎನ್‌ಟಿಪಿಸಿ ಮುಖ್ಯಸ್ಥರಾಗಿ ಎಂಟು ವರ್ಷಕ್ಕೂ ಹೆಚ್ಚು ಕಾಲ ಇದ್ದರು. ನಮ್ಮ ವಿಜಯಪುರ ಜಿಲ್ಲೆಯ ಕೂಡಗಿಯ 2,400 ಮೆಗಾವಾಟ್ ಸ್ಥಾವರ ಎನ್‌ಟಿಪಿಸಿಯದೇ.

ಇಂಥ ಕಂಪನಿಗಳ ತಲೆಯಾಗಿ ಹೆಣ್ಣುಮಕ್ಕಳು ಕಡಿಮೆ, ಆದರೆ ಬಾಗಿಲು ಮುಚ್ಚಿಲ್ಲ. 2014ರಲ್ಲಿ ನಿಶಿ ವಾಸುದೇವ ಕೇಂದ್ರದ ತೈಲ ಕಂಪನಿ ಎಚ್‌ಪಿಸಿಎಲ್‌ನ ಅಧ್ಯಕ್ಷೆಯಾದರು. ನವರತ್ನ ಕಂಪನಿಯೊಂದಕ್ಕೆ ಮುಖ್ಯಸ್ಥೆಯಾದ ಮೊದಲ ಮಹಿಳೆ ಅವರು.

ಸಂಬಳ ಎಷ್ಟು?

ಎಸ್ಕಾಂ ಎಂ.ಡಿ. ಐಎಎಸ್ ಅಧಿಕಾರಿಯಾಗಿದ್ದರೆ ಅವರ ದರ್ಜೆಯ ಸಂಬಳವೇ. ಕಂಪನಿ ಲಾಭ ಮಾಡಿದರೆ ಜಾಸ್ತಿ ಬರುವುದಿಲ್ಲ. ಎನ್‌ಟಿಪಿಸಿಯಂಥ ಎ ದರ್ಜೆಯ ಕೇಂದ್ರ ಉದ್ದಿಮೆಯ ಮುಖ್ಯಸ್ಥರ ಮೂಲ ವೇತನ ಶ್ರೇಣಿ 2017ರ ಪರಿಷ್ಕರಣೆಯಂತೆ ತಿಂಗಳಿಗೆ 2 ಲಕ್ಷದಿಂದ 3.7 ಲಕ್ಷ ರೂಪಾಯಿ. ಭತ್ಯೆ ಬೇರೆ. ಖಾಸಗಿ ಕಂಪನಿಗಳಲ್ಲಿ ಕೋಟಿಗಳ ಲೆಕ್ಕ. ದುಡ್ಡೇ ಗುರಿ ಅನ್ನುವವರು ಆ ಕಡೆ ನೋಡುವುದು ಒಳ್ಳೆಯದು.

ಎಸ್ಕಾಂ ಎಂ.ಡಿ. ಬೆಳಿಗ್ಗೆ ಎದ್ದು ಮೊದಲು ಏನು ನೋಡುತ್ತಾರೆ?

ನಿನ್ನೆಯ ವರದಿ. ರಾಜ್ಯಕ್ಕೆ ಎಷ್ಟು ಮೆಗಾವಾಟ್ ಬೇಕಾಯಿತು, ನಮ್ಮ ಪಾಲಿಗೆ ಎಷ್ಟು ಬಂತು, ನಾವು ಎಷ್ಟು ಎಳೆದೆವು. ಹಂಚಿಕೆಗಿಂತ ಜಾಸ್ತಿ ಎಳೆದರೆ ದಂಡ ಕಟ್ಟಬೇಕು. ಗ್ರಿಡ್, ಅಂದರೆ ವಿದ್ಯುತ್ ಲೈನ್‌ಗಳ ಜಾಲದ ಫ್ರೀಕ್ವೆನ್ಸಿ 50 ಹರ್ಟ್ಸ್ ಸುತ್ತ ಇರಬೇಕು. 49.90ರಿಂದ 50.05ರ ನಡುವೆ ಇದ್ದರೆ ಸರಿ. ಬೇಡಿಕೆ ಏರಿ ಪೂರೈಕೆ ಕಡಿಮೆಯಾದರೆ ಅದು ಕೆಳಗಿಳಿಯುತ್ತದೆ. ಬೆಂಗಳೂರಿನ ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರದವರು ಹಗಲು ರಾತ್ರಿ ಇದನ್ನೇ ಕಾಯುತ್ತಾರೆ.

ಇದು ಸುಮ್ನೆ ಕಾಗದದ ಲೆಕ್ಕ ಅಲ್ಲ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಗ್ರಿಡ್ ಕುಸಿಯಿತು. ಎರಡನೇ ದಿನ ಪೂರ್ವ, ಈಶಾನ್ಯದ ಗ್ರಿಡ್‌ಗಳೂ ಜೊತೆಗೇ ಬಿದ್ದವು. ಕೋಟಿಗಟ್ಟಲೆ ಜನ ಕತ್ತಲಲ್ಲಿದ್ದರು. ದಕ್ಷಿಣದ ಗ್ರಿಡ್ ಆಗ ಉಳಿದದ್ದರ ಜೊತೆ ನೇರವಾಗಿ ಸೇರಿರಲಿಲ್ಲ, ಆದ್ದರಿಂದ ನಮಗೆ ತಟ್ಟಲಿಲ್ಲ. 2013ರ ಕೊನೆಯ ದಿನ ರಾಯಚೂರು–ಸೊಲ್ಲಾಪುರ ಲೈನ್ ಮೂಲಕ ನಾವೂ ಸೇರಿದೆವು. ಈಗ ದೇಶಕ್ಕೆಲ್ಲ ಒಂದೇ ಗ್ರಿಡ್. ಯಾರೇ ಶಿಸ್ತು ತಪ್ಪಿದರೂ ಎಲ್ಲರಿಗೂ ಅಪಾಯ.

ಫ್ರೀಕ್ವೆನ್ಸಿಯ ನಂತರ ಜಲಾಶಯಗಳ ಮಟ್ಟ, ಕಲ್ಲಿದ್ದಲು ದಾಸ್ತಾನು, ರಾತ್ರಿ ಕೆಟ್ಟ ಫೀಡರ್‌ಗಳ (ಸಬ್‌ಸ್ಟೇಷನ್‌ನಿಂದ ಊರುಗಳಿಗೆ ಹೋಗುವ ಲೈನ್‌ಗಳ) ಪಟ್ಟಿ. ಅವಘಡ ಆಗಿದ್ದರೆ ಅದು ಮೊದಲ ಸಾಲಿನಲ್ಲಿ ಇರಬೇಕು.

ಕರೆಂಟ್ ಖರೀದಿ ಅಷ್ಟು ಕಷ್ಟವಾ? ಸರ್ಕಾರದ್ದೇ ಸ್ಥಾವರಗಳಿವೆಯಲ್ಲ?

ಇದೇ ಎಂ.ಡಿ. ಕೆಲಸದ ತಿರುಳು, ಹಾಗಾಗಿ ಸ್ವಲ್ಪ ಉದ್ದ ಹೇಳಬೇಕು. ಎಸ್ಕಾಂನ ಖರ್ಚಿನಲ್ಲಿ ಬಹುಪಾಲು ವಿದ್ಯುತ್ ಕೊಳ್ಳುವುದಕ್ಕೇ ಹೋಗುತ್ತದೆ. ಸಂಬಳ, ಕಂಬ, ತಂತಿ, ಟಿ.ಸಿ. ಎಲ್ಲ ಸೇರಿದರೂ ಅದರ ಮುಂದೆ ಸಣ್ಣದು. ಖರೀದಿಯಲ್ಲಿ ಯೂನಿಟ್‌ಗೆ ಹತ್ತು ಪೈಸೆ ಉಳಿಸಿದರೆ, ಇಡೀ ವರ್ಷ ಕಚೇರಿಯ ಖರ್ಚು ಕಡಿತ ಮಾಡಿ ಉಳಿಸಿದ್ದಕ್ಕಿಂತ ಜಾಸ್ತಿ ಆಗುತ್ತದೆ.

ಕರೆಂಟನ್ನು ರಾಗಿಯ ಹಾಗೆ ಕಣಜದಲ್ಲಿ ತುಂಬಿಡಲು ಆಗುವುದಿಲ್ಲ. ಈ ಕ್ಷಣ ಬೇಕಾದದ್ದು ಈ ಕ್ಷಣವೇ ತಯಾರಾಗಬೇಕು. ಕರ್ನಾಟಕದಲ್ಲಿ ಹಗಲು ಸೌರ ವಿದ್ಯುತ್ ಧಾರಾಳ. ಪಾವಗಡದ ಸೋಲಾರ್ ಪಾರ್ಕ್ ಒಂದೇ 2,050 ಮೆಗಾವಾಟ್. ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13 ಸಾವಿರ ಎಕರೆಯಲ್ಲಿ ಹರಡಿದೆ. ಸಂಜೆ ಸೂರ್ಯ ಇಳಿದ ಮೇಲೆ ಅದು ನಿಲ್ಲುತ್ತದೆ. ಮನೆಗಳಲ್ಲಿ ದೀಪ, ಫ್ಯಾನ್, ಟಿವಿ ಹಚ್ಚುವುದು ಆಗಲೇ. ಆ ಹೊತ್ತಿಗೆ ಶರಾವತಿ ನೆರವಿಗೆ ಬರುತ್ತದೆ. 1,035 ಮೆಗಾವಾಟ್‌ನ ಆ ಜಲವಿದ್ಯುತ್ ಕೇಂದ್ರದ ಯಂತ್ರಗಳನ್ನು ನಿಮಿಷಗಳಲ್ಲಿ ಚಾಲೂ ಮಾಡಬಹುದು. ಕಲ್ಲಿದ್ದಲಿನ ಘಟಕ ತಣ್ಣಗಾಗಿದ್ದರೆ ಮತ್ತೆ ಶುರುವಾಗಲು ಗಂಟೆಗಟ್ಟಲೆ ಬೇಕು. ಆದರೆ ಲಿಂಗನಮಕ್ಕಿಯ ನೀರು ಮುಂದಿನ ಮಳೆಗಾಲದವರೆಗೆ ಬರಬೇಕು. ಇವತ್ತು ಬಳಸಿದ ನೀರು ಏಪ್ರಿಲ್‌ನಲ್ಲಿ ಸಿಗುವುದಿಲ್ಲ.

2023ರಲ್ಲಿ ಇದು ಎಲ್ಲರಿಗೂ ಅರ್ಥವಾಯಿತು. ಮಳೆ ಕೈಕೊಟ್ಟಿತು. ಜಲಾಶಯ ತುಂಬಲಿಲ್ಲ. ಬೆಳೆ ಉಳಿಸಿಕೊಳ್ಳಲು ರೈತರು ಪಂಪ್‌ಸೆಟ್ ಜಾಸ್ತಿ ಓಡಿಸಿದರು. ಮಳೆಗಾಲ ಮುಗಿಯುವ ಹೊತ್ತಿಗೇ ಬೇಸಿಗೆಯಷ್ಟು ಬೇಡಿಕೆ ಬಂತು. ಅಕ್ಟೋಬರ್‌ನಲ್ಲಿ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ರಾಜ್ಯದ ಖಾಸಗಿ ಉತ್ಪಾದಕರು ರಾಜ್ಯಕ್ಕೇ ಕರೆಂಟ್ ಕೊಡಬೇಕು ಅಂತ ಆದೇಶ ಮಾಡಿತು. ಉತ್ತರ ಪ್ರದೇಶ, ಪಂಜಾಬ್‌ನಿಂದ ವಿನಿಮಯದ ಮೇಲೆ ವಿದ್ಯುತ್ ತಂದರು. ಈಗ ಕೊಡಿ, ನಿಮಗೆ ಬೇಕಾದಾಗ ವಾಪಸ್ ಕೊಡುತ್ತೇವೆ ಎಂಬ ಲೆಕ್ಕ. ಇಂಥ ಸಮಯದಲ್ಲಿ ವಿದ್ಯುತ್ ವಿನಿಮಯ ಕೇಂದ್ರದಲ್ಲಿ (ಕರೆಂಟ್ ಕೊಂಡು ಮಾರುವ ಮಾರುಕಟ್ಟೆಯಲ್ಲಿ) ಸಂಜೆಯ ದರ ಯೂನಿಟ್‌ಗೆ 10 ರೂಪಾಯಿಯ ಮಿತಿಯನ್ನೇ ಮುಟ್ಟುವುದುಂಟು. ಅಷ್ಟು ಕೊಟ್ಟು ತಂದದ್ದನ್ನು ಪಂಪ್‌ಸೆಟ್‌ಗೆ ಕೊಡಬೇಕು, ಮನೆಗೆ ಕೊಡಬೇಕು.

ಇದರ ಮತ್ತೊಂದು ಮುಖವೂ ಇದೆ. ಹೆದರಿಕೊಂಡು ಇಪ್ಪತ್ತೈದು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದರೆ, ಕಲ್ಲಿದ್ದಲಿನ ಕರೆಂಟ್ ತೆಗೆದುಕೊಳ್ಳದ ದಿನವೂ ನಿಗದಿತ ಶುಲ್ಕ ಕಟ್ಟಬೇಕು. ಆ ದುಡ್ಡು ನಮ್ಮ ಬಿಲ್‌ಗೇ ಬರುತ್ತದೆ. ಐದೂ ಎಸ್ಕಾಂಗಳ ಪರವಾಗಿ ಖರೀದಿ ಹೊಂದಿಸಲು 2007ರಲ್ಲಿ ಪಿಸಿಕೆಎಲ್ ಎಂಬ ಕಂಪನಿ ಮಾಡಿದ್ದಾರೆ. ಆದರೆ ಬಿಲ್ ಕಟ್ಟುವ ಹೊಣೆ ಎಸ್ಕಾಂನದೇ.

ದರ ಏರಿಸುವುದು ಎಂ.ಡಿ. ಕೈಲಿದೆಯಾ?

ಇಲ್ಲ. ಮಂತ್ರಿಗಳ ಕೈಲೂ ಇಲ್ಲ. ದರ ನಿಗದಿ ಮಾಡುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಕೆಇಆರ್‌ಸಿ. ಎಸ್ಕಾಂ ತನ್ನ ಖರ್ಚು, ಆದಾಯದ ಲೆಕ್ಕ ಇಟ್ಟು ಅರ್ಜಿ ಹಾಕುತ್ತದೆ. ಆಯೋಗ ಕತ್ತರಿ ಹಾಕುತ್ತದೆ. ಕೇಳಿದಷ್ಟು ಸಿಗುವುದು ಅಪರೂಪ. 2025ರ ಏಪ್ರಿಲ್‌ನಿಂದ ನೌಕರರ ಪಿಂಚಣಿ ಮತ್ತು ಗ್ರ್ಯಾಚುಟಿಗಾಗಿ ಯೂನಿಟ್‌ಗೆ 36 ಪೈಸೆ ಸೇರಿದ್ದು ನಿಮಗೆ ನೆನಪಿರಬಹುದು. ಅದಕ್ಕೂ ಆಯೋಗದ ಆದೇಶವೇ ಬೇಕಾಯಿತು.

ಗೃಹಜ್ಯೋತಿ, ಪಂಪ್‌ಸೆಟ್ ಉಚಿತ ಕರೆಂಟ್‌ನಿಂದ ಕಂಪನಿ ಮುಳುಗುವುದಿಲ್ವಾ?

ಉಚಿತ ಅಂದರೆ ಗ್ರಾಹಕರಿಗೆ ಉಚಿತ. ಕಂಪನಿಗೆ ಅದರ ದುಡ್ಡನ್ನು ಸರ್ಕಾರ ಕೊಡಬೇಕು. 10 ಎಚ್.ಪಿ.ವರೆಗಿನ ಪಂಪ್‌ಸೆಟ್, 2023ರಿಂದ 200 ಯೂನಿಟ್‌ವರೆಗಿನ ಗೃಹಜ್ಯೋತಿ ಮನೆಗಳು, ಎಲ್ಲಕ್ಕೂ ಇದೇ ನಿಯಮ. ವಿದ್ಯುತ್ ಕಾಯ್ದೆಯ 65ನೇ ಸೆಕ್ಷನ್ ಸಬ್ಸಿಡಿಯನ್ನು ಮುಂಗಡವಾಗಿಯೇ ಕೊಡಬೇಕು ಅನ್ನುತ್ತದೆ. ಯೋಜನೆ ತಪ್ಪು ಅಂತ ನಾನು ಹೇಳುವುದಿಲ್ಲ. ಬಡವರ ಮನೆಯ ದೀಪಕ್ಕೆ ಸರ್ಕಾರ ದುಡ್ಡು ಕೊಡುವುದು ಸರಿಯಾದದ್ದೇ. ಹಣ ಸಮಯಕ್ಕೆ ಬರಬೇಕು, ಅಷ್ಟೇ. ತಡವಾದರೆ ಎಸ್ಕಾಂ ಸಾಲ ಮಾಡುತ್ತದೆ, ಬಡ್ಡಿ ಬೆಳೆಯುತ್ತದೆ. ಉತ್ಪಾದಕರ ಬಾಕಿ ಉಳಿದರೆ ಇನ್ನೂ ಕಷ್ಟ. 2022ರ ಆಗಸ್ಟ್‌ನಲ್ಲಿ ಹದಿಮೂರು ರಾಜ್ಯಗಳ ವಿತರಣಾ ಕಂಪನಿಗಳಿಗೆ ಬಾಕಿಯ ಕಾರಣದಿಂದ ವಿನಿಮಯ ಕೇಂದ್ರದ ಬಾಗಿಲು ಮುಚ್ಚಿದ್ದರು.

ಎಂ.ಡಿ. ಆದವರು ಇಂಧನ ಇಲಾಖೆ, ಹಣಕಾಸು ಇಲಾಖೆಯ ಮುಂದೆ ಪತ್ರ ಹಿಡಿದು ಪದೇ ಪದೇ ಹೋಗಬೇಕು. ಪಂಚಾಯಿತಿಯ ಬೀದಿದೀಪ, ಕುಡಿಯುವ ನೀರಿನ ಪಂಪ್‌ನ ಬಾಕಿಯನ್ನೂ ಕೇಳಬೇಕು. ಸರ್ಕಾರವೇ ನೇಮಿಸಿದ ಅಧಿಕಾರಿ ಸರ್ಕಾರಕ್ಕೇ ಬಾಕಿ ಕೊಡಿ ಅನ್ನುವುದಕ್ಕೆ ಧೈರ್ಯ ಬೇಕು. ಒಳ್ಳೆಯ ಎಂ.ಡಿ. ಯಾರು ಅನ್ನುವುದು ಗೊತ್ತಾಗುವ ಜಾಗಗಳಲ್ಲಿ ಇದೂ ಒಂದು.

ನಷ್ಟ ಅಂತಾರಲ್ಲ, ಅದನ್ನು ಅಳೆಯುವುದು ಹೇಗೆ?

ಉದಾಹರಣೆಗೆ, ಎಸ್ಕಾಂ 100 ಯೂನಿಟ್ ಕೊಂಡಿತು ಅಂತಿಟ್ಟುಕೊಳ್ಳಿ. ತಂತಿಯ ಬಿಸಿ, ಕಳ್ಳತನ, ಕೆಟ್ಟ ಮೀಟರ್ ಎಲ್ಲ ಕಳೆದು 88 ಯೂನಿಟ್‌ಗೆ ಬಿಲ್ ಆಯಿತು. ಆ ಬಿಲ್‌ನಲ್ಲಿ ನೂರಕ್ಕೆ 95ರಷ್ಟು ವಸೂಲಾಯಿತು. ಅಂದರೆ ದುಡ್ಡು ಬಂದದ್ದು 83.6 ಯೂನಿಟ್‌ಗೆ, ಒಟ್ಟು ನಷ್ಟ 16.4. ಪಂಪ್‌ಸೆಟ್‌ಗೆ ಮೀಟರ್ ಇಲ್ಲದ ಕಡೆ ಎಷ್ಟು ಬಳಕೆ, ಎಷ್ಟು ಕಳ್ಳತನ ಅಂತ ಹೇಳುವುದೇ ಕಷ್ಟ. ನಿರಂತರ ಜ್ಯೋತಿ ಯೋಜನೆಯಲ್ಲಿ ಹಳ್ಳಿಯ ಮನೆಗಳಿಗೆ ಒಂದು ಫೀಡರ್, ಪಂಪ್‌ಸೆಟ್‌ಗಳಿಗೆ ಇನ್ನೊಂದು ಅಂತ ಬೇರೆ ಮಾಡಿದ ಮೇಲೆ ಲೆಕ್ಕವೂ ಸುಧಾರಿಸಿತು, ಮಕ್ಕಳ ಓದಿಗೆ ಸಂಜೆ ಕರೆಂಟೂ ಸಿಕ್ಕಿತು.

ಲೈನ್‌ಮನ್ ಸತ್ತರೆ ಎಂ.ಡಿ. ಹೇಗೆ ಹೊಣೆ? ಅವರು ಕಂಬದ ಹತ್ತಿರ ಇರಲಿಲ್ಲವಲ್ಲ?

ಇರಲಿಲ್ಲ. ಆದರೂ ಹೊಣೆ ಅವರದೇ ಅಂತ ನಾನು ಖಂಡಿತವಾಗಿ ಹೇಳುತ್ತೇನೆ.

11 ಕೆ.ವಿ. ಲೈನ್ ಮೇಲೆ ಕೆಲಸ ಮಾಡುವ ಮೊದಲು ಎಲ್.ಸಿ., ಅಂದರೆ ಲೈನ್ ಕ್ಲಿಯರ್ ತೆಗೆದುಕೊಳ್ಳಬೇಕು. ಕೆಲಸ ಮಾಡುವವರು ಸಬ್‌ಸ್ಟೇಷನ್‌ಗೆ ಫೋನ್ ಮಾಡಿ ಫೀಡರ್ ಹೆಸರು ಹೇಳುತ್ತಾರೆ. ಆಪರೇಟರ್ ಬ್ರೇಕರ್ ತೆಗೆದು, ಐಸೊಲೇಟರ್ ತೆಗೆದು, ಅರ್ಥ್ ಮಾಡಿ (ಲೈನನ್ನು ಭೂಮಿಗೆ ಜೋಡಿಸಿ), ಪುಸ್ತಕದಲ್ಲಿ ಬರೆದು ನಂಬರ್ ಕೊಡುತ್ತಾರೆ. ಕಂಬದ ಬಳಿ ಇರುವವರು ತಂತಿಯಲ್ಲಿ ಕರೆಂಟ್ ಇಲ್ಲ ಅಂತ ಪರೀಕ್ಷೆ ಮಾಡಿ, ಕೆಲಸದ ಜಾಗದ ಎರಡೂ ಕಡೆ ಅರ್ಥಿಂಗ್ ರಾಡ್ ಹಾಕಿ ಆಮೇಲೆ ಹತ್ತಬೇಕು. ಎರಡೂ ಕಡೆ ಏಕೆ ಅಂದರೆ, ಕರೆಂಟ್ ಸಬ್‌ಸ್ಟೇಷನ್ ಕಡೆಯಿಂದ ಮಾತ್ರ ಬರುವುದಿಲ್ಲ. ಯಾವುದೋ ಅಂಗಡಿಯ ಜನರೇಟರ್‌ನಿಂದ ಟಿ.ಸಿ. ಮೂಲಕ ಹಿಂದಕ್ಕೆ ಹರಿಯಬಹುದು. ಒಂದೇ ಕಂಬದಲ್ಲಿ ಎರಡು ಫೀಡರ್ ಇದ್ದು, ಎಲ್.ಸಿ. ಒಂದಕ್ಕೆ ಮಾತ್ರ ಸಿಕ್ಕಿರಬಹುದು.

ಈಗ ಯೋಚಿಸಿ. ಮಳೆ ಬರುತ್ತಿದೆ, ನೂರು ಫೋನ್ ಬರುತ್ತಿದೆ, ಮೇಲಿನವರು "ಇನ್ನೂ ಕರೆಂಟ್ ಬಂದಿಲ್ವಾ" ಅಂತ ಕೇಳುತ್ತಿದ್ದಾರೆ. ವ್ಯಾನ್‌ನಲ್ಲಿ ಅರ್ಥಿಂಗ್ ರಾಡ್ ಒಂದೇ ಇದೆ. ಗ್ಲೌಸ್ ಹರಿದಿದೆ. ಜೊತೆಗೆ ಇರಬೇಕಾದವರ ಹುದ್ದೆ ಖಾಲಿ. ಆಗ ಲೈನ್‌ಮನ್ ಅವಸರದಲ್ಲಿ ಹತ್ತಿದರೆ ತಪ್ಪು ಅವನೊಬ್ಬನದಾ? ರಾಡ್ ಕೊಳ್ಳುವ ಕಡತಕ್ಕೆ ಸಹಿ ಯಾರದು? ಖಾಲಿ ಹುದ್ದೆ ತುಂಬಿಸಿ ಅಂತ ಕೇಳಬೇಕಾದವರು ಯಾರು? ಗುತ್ತಿಗೆ ಕೆಲಸಗಾರರಿಗೂ ತರಬೇತಿ, ಬೆಲ್ಟ್, ಹೆಲ್ಮೆಟ್, ವಿಮೆ ಸಿಗುವಂತೆ ಟೆಂಡರ್‌ನಲ್ಲೇ ಬರೆಸಬೇಕಾದವರು ಯಾರು? ಅದಕ್ಕೇ ಎಂ.ಡಿ. ಹೊಣೆ ಅನ್ನುವುದು. "ಅರ್ಧ ಗಂಟೆ ತಡವಾಗಲಿ, ಎಲ್.ಸಿ. ಇಲ್ಲದೆ ಯಾರೂ ಹತ್ತಬೇಡಿ" ಅಂತ ಎಂ.ಡಿ. ಬಾಯಲ್ಲಿ ಬಂದ ಮಾತಿಗೆ ಕೆಳಗೆ ಬೆಲೆ ಇದೆ. ಅವರು ಅದನ್ನು ಸಭೆ ಸಭೆಯಲ್ಲೂ ಹೇಳಬೇಕು, ಪಾಲಿಸಿದವರ ಬೆನ್ನಿಗೆ ನಿಲ್ಲಬೇಕು.

ಅವಘಡ ಆದರೆ ವಿದ್ಯುತ್ ಕಾಯ್ದೆಯ 161ನೇ ಸೆಕ್ಷನ್ ಪ್ರಕಾರ ವರದಿ ಕೊಡಬೇಕು. ವಿದ್ಯುತ್ ಪರಿವೀಕ್ಷಣಾಲಯ ತನಿಖೆ ಮಾಡುತ್ತದೆ. ಹೊಲದಲ್ಲಿ ಹರಿದುಬಿದ್ದ ತಂತಿ ತುಳಿದು ರೈತ ಸತ್ತರೂ, ದನ ಸತ್ತರೂ ಇದೇ ಕ್ರಮ.

ತಪ್ಪು ಮಾಡಿದರೆ ಎಂ.ಡಿ.ಯನ್ನು ಕೇಳುವವರು ಇದ್ದಾರಾ?

ಬೇಕಾದಷ್ಟು. 2013ರ ಕಂಪನಿ ಕಾಯ್ದೆಯ 166ನೇ ಸೆಕ್ಷನ್ ನಿರ್ದೇಶಕರ ಕರ್ತವ್ಯ ಹೇಳುತ್ತದೆ. ಸರ್ಕಾರಿ ಕಂಪನಿಗೆ ಲೆಕ್ಕಪರಿಶೋಧಕರನ್ನು ನೇಮಿಸುವುದೇ ಸಿಎಜಿ, ಅಂದರೆ ಭಾರತದ ಮಹಾಲೇಖಪಾಲರು. ವಿಧಾನಮಂಡಲದ ಸಾರ್ವಜನಿಕ ಉದ್ದಿಮೆಗಳ ಸಮಿತಿ ಕರೆಸಿ ಪ್ರಶ್ನೆ ಕೇಳಬಹುದು. ಮಾಹಿತಿ ಹಕ್ಕು ಕಾಯ್ದೆಯೂ ಅನ್ವಯಿಸುತ್ತದೆ.

ಎಂ.ಡಿ.ಗಳು ಬೇಗ ಬೇಗ ಬದಲಾಗುವುದರಿಂದ ತೊಂದರೆ ಇದೆಯಾ?

ಇದೆ, ದೊಡ್ಡ ತೊಂದರೆ. ಖರೀದಿಯ ಲೆಕ್ಕ ಅರ್ಥವಾಗಲು ಕನಿಷ್ಠ ಒಂದು ಬೇಸಿಗೆ, ಒಂದು ಮಳೆಗಾಲ ನೋಡಬೇಕು. ದರದ ಅರ್ಜಿ ಹಾಕಿದವರೇ ಅದರ ಆದೇಶ ಜಾರಿ ಮಾಡಬೇಕು. ಅಷ್ಟರಲ್ಲಿ ವರ್ಗಾವಣೆ ಆದರೆ ಹೊಸಬರು ಮೊದಲಿಂದ ಕಲಿಯಬೇಕು. ಸಿಬ್ಬಂದಿಯೂ "ಇವರು ಎಷ್ಟು ದಿನ ಇರ್ತಾರೋ" ಅಂತ ಕಾಯಲು ಶುರು ಮಾಡುತ್ತಾರೆ. ಸುರಕ್ಷತೆಯಂಥ ನಿಧಾನದ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಎಂ.ಡಿ.ಗೆ ಕನಿಷ್ಠ ಮೂರು ವರ್ಷ ಕೊಟ್ಟು, ಆಮೇಲೆ ಫಲಿತಾಂಶ ಕೇಳಲಿ.

ಈ ಕ್ಷೇತ್ರಕ್ಕೆ ಬರಬೇಕಾದರೆ ಏನು ಓದಬೇಕು?

ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ನೇರ ದಾರಿ. ಸಿವಿಲ್, ಮೆಕ್ಯಾನಿಕಲ್‌ಗೂ ಉತ್ಪಾದನಾ ಕಂಪನಿಗಳಲ್ಲಿ ಜಾಗ ಇದೆ. ಸಿ.ಎ. ಮಾಡಿದವರಿಗೆ ಬೇಡಿಕೆ ಯಾವಾಗಲೂ ಇದೆ. ಯಾವ ದಾರಿಯಲ್ಲಿ ಬಂದರೂ ಎರಡು ಓದು ತಪ್ಪಿಸಬೇಡಿ: 2003ರ ವಿದ್ಯುತ್ ಕಾಯ್ದೆ, ಮತ್ತೆ ಕೆಇಆರ್‌ಸಿಯ ದರದ ಆದೇಶ ಒಂದಾದರೂ. ಆದೇಶದಲ್ಲಿ ಯಾವ ಸ್ಥಾವರದಿಂದ ಎಷ್ಟು ಕೊಂಡರು, ಎಷ್ಟಕ್ಕೆ ಕೊಂಡರು ಎಲ್ಲ ಇರುತ್ತದೆ. ಕೋಚಿಂಗ್ ಕ್ಲಾಸ್‌ನಲ್ಲಿ ಸಿಗದ ತಿಳಿವಳಿಕೆ ಅದು.

ಕರೆಂಟ್ ಹೋದರೆ ಎಂ.ಡಿ.ಗೆ ಫೋನ್ ಮಾಡಬಹುದಾ?

1912ಕ್ಕೆ ಮಾಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಪರಿಹಾರ ಸಿಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅಲ್ಲೂ ಆಗದಿದ್ದರೆ ವಿದ್ಯುತ್ ಓಂಬುಡ್ಸ್‌ಮನ್.

ಹಾಗಾದರೆ ಎಂ.ಡಿ.ಯನ್ನು ನೇರವಾಗಿ ಪ್ರಶ್ನೆ ಕೇಳುವ ಅವಕಾಶವೇ ಇಲ್ವಾ?

ಇದೆ, ಬಹಳ ಜನರಿಗೆ ಗೊತ್ತಿಲ್ಲ. ದರದ ಅರ್ಜಿ ಬಂದಾಗ ಅದರ ಸಾರಾಂಶ ಪತ್ರಿಕೆಗಳಲ್ಲಿ ಬರುತ್ತದೆ. ಆಕ್ಷೇಪಣೆ ಬರೆದು ಕೊಡಲು ಸಮಯ ಇರುತ್ತದೆ. ವಕೀಲರು ಬೇಕಿಲ್ಲ. ನಿಮ್ಮ ಆರ್.ಆರ್. ನಂಬರ್ (ಬಿಲ್ ಮೇಲಿರುವ ಸಂಪರ್ಕ ಸಂಖ್ಯೆ), ವಿಳಾಸ ಹಾಕಿ, ಕನ್ನಡದಲ್ಲೇ ಬರೆಯಬಹುದು. ಆಮೇಲೆ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಎಸ್ಕಾಂನ ಎಂ.ಡಿ., ಮುಖ್ಯ ಎಂಜಿನಿಯರ್‌ಗಳು ಎದುರಿಗೇ ಕೂತಿರುತ್ತಾರೆ. ರೈತ ಸಂಘದವರು, ಸಣ್ಣ ಕೈಗಾರಿಕೆಯವರು ಪ್ರತಿ ಸಲ ಹೋಗುತ್ತಾರೆ. ಮನೆ ಬಳಕೆಯ ಗ್ರಾಹಕರು ಮಾತ್ರ ಕಡಿಮೆ. "ದರ ಇಳಿಸಿ" ಅಂತ ಒಂದೇ ಸಾಲು ಹೇಳುವ ಬದಲು, ನಿಮ್ಮ ಊರಿನ ಫೀಡರ್ ಹೆಸರು ಹೇಳಿ, ಕಳೆದ ತಿಂಗಳು ಎಷ್ಟು ಸಲ ಕರೆಂಟ್ ಹೋಯಿತು, ಸುಟ್ಟ ಟಿ.ಸಿ. ಬದಲಾಯಿಸಲು ಎಷ್ಟು ದಿನ ತೆಗೆದುಕೊಂಡರು, ನಿಮ್ಮ ಶಾಖೆಯಲ್ಲಿ ಎಷ್ಟು ಲೈನ್‌ಮನ್ ಹುದ್ದೆ ಖಾಲಿ ಇದೆ ಅಂತ ಕೇಳಿ. ನೀವು ಬರೆದು ಕೊಟ್ಟ ಆಕ್ಷೇಪಣೆಗೆ ಕಂಪನಿ ಲಿಖಿತ ಉತ್ತರ ಕೊಡಬೇಕು. ಆ ಪ್ರಶ್ನೆ, ಉತ್ತರ ಎರಡೂ ಆಯೋಗದ ದಾಖಲೆಗೆ ಸೇರುತ್ತವೆ.